ಥಿಯೇಟರಿನ ಹೊಗೆಗೆ ಕಾವಲು ನಿಂತ ಚಂದ್ರಲೇಖಾ

ಸಂಜೆ ಕಾಲೇಜಿನಲ್ಲಿ ಓದಿದ ನನಗೆ ವೈದ್ಯಕೀಯದ ಗಂಧವಿಲ್ಲ. ಆಪರೇಷನ್ ಥಿಯೇಟರಿನೊಳಗೆ ಹೊಗೆ ಏಳುತ್ತದೆಂಬುದೇ ಹೋದ ತಿಂಗಳವರೆಗೆ ಗೊತ್ತಿರಲಿಲ್ಲ. ಆದರೂ ಬರೆಯಲು ಕುಳಿತಿದ್ದೇನೆ, ಬಲ್ಲವರು ಕ್ಷಮಿಸಬೇಕು. ಆಸ್ಪತ್ರೆಯ ಹೆಸರು ಬರೆಯುತ್ತಿಲ್ಲ. ಒಬ್ಬರ ಹೆಸರನ್ನು ಬದಲಿಸಿದ್ದೇನೆ. ಚಂದ್ರಲೇಖಾ ಮಾತ್ರ ತಮ್ಮ ಹೆಸರು ಇದ್ದಂತೆಯೇ ಇರಲಿ ಎಂದರು.

ಬೆಳಗಿನ ಆರು ಗಂಟೆ. ಸಾನಮಾವು ಕಾಡಿನ ಬಳಿ ಆನೆಗಳು ರಸ್ತೆಗಿಳಿದು, ಚಂದ್ರಲೇಖಾ ಹತ್ತುವ ಉದ್ದನಪಲ್ಲಿಯ ಬಸ್ಸು ತಡವಾಗಿದೆ. ಆದರೂ ಹೊಸೂರಿನ ಈ ಖಾಸಗಿ ಆಸ್ಪತ್ರೆಯ ಥಿಯೇಟರಿಗೆ ಮೊದಲು ಬಂದವರು ಟೆಕ್ನಿಷಿಯನ್ ಆದ ಅವರೇ. ನಾನು ಗಾಜಿನ ಬಾಗಿಲಾಚೆ ನಿಂತು ನೋಡುತ್ತೇನೆ. ಸೀಲ್ ಮಾಡಿದ ಕವರಿನಿಂದ ಹೊಗೆ ಸೋಸುವ ಹೊಸ ಫಿಲ್ಟರನ್ನು ತೆಗೆದು, ಅದರ ಅಂಚನ್ನು ಬೆಳಕಿಗೆ ಹಿಡಿದು ಏನನ್ನೋ ಹುಡುಕುತ್ತಾರೆ. ಮೂಸುತ್ತಾರೆ. ಹೊಸದರ ಮೇಲೇಕೆ ಇಷ್ಟು ಅನುಮಾನ ಎಂದು ಆಮೇಲೆ ಕೇಳಿದೆ.

"ಹೊಸ್ದು ಅಂತ ಕವರ್ ಮೇಲೆ ಬರ್ದವ್ರೆ ಸಾರ್. ನಾನು ನೋಡಿಲ್ವಲ್ಲ."

ರಕ್ತ ನಿಲ್ಲಿಸಲು ವೈದ್ಯರು ವಿದ್ಯುತ್ತಿನ ಕಡ್ಡಿಯಿಂದ ಮಾಂಸ ಸುಡುತ್ತಾರೆ. ಆಗ ಏಳುವ ಹೊಗೆಯಲ್ಲಿ ವಿಷಾನಿಲವೂ ಕಣ್ಣಿಗೆ ಕಾಣದ ಕಣಗಳೂ ಇರುತ್ತವೆ. ಮೂಗಿಗೆ ಕಟ್ಟುವ ಸಾಮಾನ್ಯ ಮಾಸ್ಕ್ ಅದನ್ನು ತಡೆಯದು. ಹೊಟ್ಟೆಗೆ ಸಣ್ಣ ತೂತು ಕೊರೆದು ಮಾಡುವ ಆಪರೇಷನ್‌ಗಳಲ್ಲಿ ಹೊಗೆ ರೋಗಿಯ ಹೊಟ್ಟೆಯೊಳಗೇ ತುಂಬಿಕೊಳ್ಳುತ್ತದೆ. ಅದನ್ನು ಎಳೆದು, ಸೋಸಿ, ಗಾಳಿಯನ್ನು ಅದೇ ಕೋಣೆಗೆ ಬಿಡುವ ಯಂತ್ರವೊಂದಿದೆ. ಅದರ ಕೊಳವೆ ಸುಡುವ ಜಾಗದಿಂದ ಎರಡು ಅಂಗುಲದೊಳಗೆ ಇರುವಂತೆ ನೋಡಿಕೊಳ್ಳುವುದು ಚಂದ್ರಲೇಖಾ ಅವರ ಕೆಲಸ. ದಿನಕ್ಕೆ ಆರು, ಕೆಲವೊಮ್ಮೆ ಎಂಟು ಆಪರೇಷನ್.

ತಂದೆ ಆವುಲಪ್ಪ ಟೊಮೇಟೊ ಬೆಳೆಯುತ್ತಿದ್ದರು. ಕನ್ನಡ ಶಾಲೆಯಲ್ಲಿ ಕಲಿತ ಮಗಳು ಕೃಷ್ಣಗಿರಿಯಲ್ಲಿ ತಮಿಳು ಮಾಧ್ಯಮದಲ್ಲಿ ಥಿಯೇಟರ್ ಟೆಕ್ನಿಷಿಯನ್ ಡಿಪ್ಲೊಮಾ ಮುಗಿಸಿ ಇಲ್ಲಿ ಸೇರಿ ಹದಿನಾಲ್ಕು ವರ್ಷ. ಮೊದಲ ಒಂಬತ್ತು ವರ್ಷ ಯಂತ್ರವೇ ಇರಲಿಲ್ಲ. "ಆ ವಾಸ್ನೆ ಕೂದ್ಲಲ್ಲೇ ಮನೇಗ್ ಬತ್ತಿತ್ತು. ತಲೆಗ್ ನೀರು ಹಾಕ್ಕಳ್ದೆ ಒಲೆ ಹತ್ರ ಹೋಗ್ತಿರ್ಲಿಲ್ಲ." ಯಂತ್ರ ಬಂದ ಮೇಲೆ ಅದರ ಸದ್ದಿಗೆ ಬೇಸತ್ತ ಸರ್ಜನ್, ನಿನ್ನ ಟ್ರ್ಯಾಕ್ಟರ್ ನಿಲ್ಲಿಸಮ್ಮ ಎಂದು ರೇಗಿಸುತ್ತಿದ್ದರಂತೆ. ಟ್ರ್ಯಾಕ್ಟರ್ ನಿಂತರೆ ನಾನೂ ಹೊರಗೆ ಹೋಗುತ್ತೇನೆ ಎಂದು ಇವರ ಉತ್ತರ.

ಪ್ರತಿ ಬೆಳಿಗ್ಗೆ ಕೊಳವೆಯ ಬಾಯಿಗೆ ಟಿಶ್ಯೂ ಕಾಗದ ಹಿಡಿಯುತ್ತಿದ್ದರು. ಅದು ಅಂಟಿಕೊಂಡರೆ 'ಫಿಲ್ಟರ್ ಸರಿ ಇದೆ' ಎಂದು ರಿಜಿಸ್ಟರಿನಲ್ಲಿ ಸಹಿ. ಈ ವರ್ಷದ ಆರಂಭದಲ್ಲಿ ಕಾಗದ ಅಂಟಿಕೊಳ್ಳುತ್ತಿದ್ದರೂ ಹಳೆಯ ವಾಸನೆ ಮರಳಿತು. ಸ್ಟೋರಿನ ರಘುನಾಥ್ ಹಳೆಯದನ್ನೇ ಕೊಡುತ್ತಿದ್ದಾರೆಂದು ಇವರಿಗೆ ಗುಮಾನಿ. ಬಿಸಾಡುವ ಫಿಲ್ಟರಿನ ಅಂಚಿಗೆ ಯಾರಿಗೂ ಹೇಳದೆ ಕೆಂಪು ನೈಲ್ ಪಾಲಿಶ್‌ನ ಚುಕ್ಕೆ ಇಟ್ಟರು. ಹನ್ನೆರಡು ದಿನಗಳ ನಂತರ ತಾವೇ ಸೀಲ್ ಒಡೆದು ತೆಗೆದ 'ಹೊಸ' ಫಿಲ್ಟರಿನ ಮೇಲೆ ಆ ಚುಕ್ಕೆ ಇತ್ತು.

ಬಿಸಾಡಿದ್ದನ್ನು ಹುಡುಕುತ್ತ ತಾರಸಿಗೆ ಹೋದರೆ, ನೆಲ ಒರೆಸುವ ಬಟ್ಟೆಗಳ ಪಕ್ಕ ಮೂರು ಫಿಲ್ಟರುಗಳು ಬಿಸಿಲಿಗೆ ಒಣಗುತ್ತಿದ್ದವು. ಸೋಪಿನ ನೀರಿನಲ್ಲಿ ತೊಳೆದವರು ಆಯಾ ರಾಮಲಕ್ಷ್ಮಮ್ಮ.

"ಕೊರೋನಾದಾಗ ಗೌನು, ಟೋಪಿ, ಯಾವ್ದೂ ಬಿಸಾಕ್ಬೇಡ, ಒಗ್ದು ಇಡು ಅಂದೋಳು ನೀನೇ ತಾನೇ ತಾಯಿ? ಇಷ್ಟು ಬೆಲೆದು ಕಸಕ್ ಹೋಯ್ತದಲ್ಲಾ ಅಂತ ಒಗ್ದು ಸ್ಟೋರಿಗ್ ಕೊಟ್ಬುಟ್ಟೆ."

ಹೇಳಿದ್ದು ನಿಜ ಎಂದು ಚಂದ್ರಲೇಖಾ ಒಪ್ಪುತ್ತಾರೆ. ನೀರು ಬಿದ್ದ ಫಿಲ್ಟರಿನ ಪದರ ಹರಿದು ಗಾಳಿಗೆ ದಾರಿ ಬಿಡುತ್ತದೆ, ಆದರೆ ಸೋಸುವುದಿಲ್ಲ. ತಾವೇ ಕಂಡುಕೊಂಡ ಕಾಗದದ ಪರೀಕ್ಷೆ ಸೆಳೆತವನ್ನಷ್ಟೇ ತೋರಿಸುತ್ತಿತ್ತು. ವಾಸನೆ ಮರಳಿದ ಮೇಲೂ ಅದನ್ನೇ ನಂಬಿ ಮಾಡಿದ ಸಹಿಗಳು ನಲವತ್ತೊಂದು. ಅಷ್ಟೂ ದಿನ ಮೇಜಿಗೆ ತೀರಾ ಹತ್ತಿರ ನಿಂತಿದ್ದವಳು ಐದು ತಿಂಗಳ ಬಸುರಿ ನರ್ಸ್ ಶರ್ಮಿಳಾ.

ಅವಳಿಗೆ ಇವರೇ ಹೇಳಿದರು. ಮೂರನೆಯ ದಿನ ಅವಳು ಬಂದು ಹೇಳಿದ್ದು ಒಂದೇ ಮಾತು: "ಅಕ್ಕಾ, ನೀನೂ ಅಲ್ಲೇ ನಿಂತಿದ್ದೆ ಅಲ್ವಾ." ಈಗ ಅವಳಿಗೆ ವಾರ್ಡಿನಲ್ಲಿ ಕೆಲಸ.

ಚಂದ್ರಲೇಖಾ ಆ ನಲವತ್ತೊಂದು ಸಹಿಗಳ ಪಕ್ಕ ಕೆಂಪು ಶಾಯಿಯಲ್ಲಿ, ಇವನ್ನು ನಂಬಬೇಡಿ, ಫಿಲ್ಟರ್ ತೊಳೆದದ್ದು ಎಂದು ತಮಿಳಿನಲ್ಲಿ ಬರೆದರು. ಆ ಹಾಳೆಗಳನ್ನು ತೆಗೆದು ಬೇರೆ ಬರೆಯಲು ಮೇಲಿನವರು ಹೇಳಿದರು. ಇವರು ಒಪ್ಪಲಿಲ್ಲ. ಮೆಮೊ ಬಂದಿದೆ, ಕೆಲಸ ಉಳಿಯುವುದು ಖಾತ್ರಿಯಿಲ್ಲ.

"ಹಾಳೆ ಹರಿದ್ರೆ ಅವ್ಳು ಕುಡ್ದ ಹೊಗೆ ವಾಪಸ್ ಬತ್ತದಾ ಸಾರ್? ಫಿಲ್ಟರ್‌ನ ನನ್ನೆದುರ್ಗೇ ಬಿಚ್ಲಿ, ಮುಗುದ್ಮೇಲೆ ನನ್ನೆದುರ್ಗೇ ಮುರೀಲಿ. ಅಷ್ಟು ಸಾಕು."

ತೊಳೆದ ಫಿಲ್ಟರಿಗೆ ಕವರು ಹಾಕಿ ಸೀಲ್ ಒತ್ತಿದವರು ಯಾರು? ಸರಬರಾಜುದಾರರಿಂದ ಬಂದದ್ದೇ ಹಾಗೆ ಎನ್ನುತ್ತಾರೆ ರಘುನಾಥ್. ಸರಬರಾಜುದಾರರು ಫೋನ್ ಎತ್ತುವುದಿಲ್ಲ. ನಾನು ಮೂರು ಸಲ ಹೋಗಿ ವಿಚಾರಿಸಿದೆ, ತಿಳಿಯಲಿಲ್ಲ. ಶರ್ಮಿಳಾಳ ಸ್ಕ್ಯಾನ್ ಚೆನ್ನಾಗಿದೆಯಂತೆ. ಅಷ್ಟರಿಂದ ಏನೂ ಆಗಿಲ್ಲವೆಂದು ಹೇಳಬಹುದೇ ಎಂದು ಇಬ್ಬರು ವೈದ್ಯರನ್ನು ಕೇಳಿದೆ. ಗೊತ್ತಿಲ್ಲ ಎಂದರು. ನನಗೂ ಗೊತ್ತಿಲ್ಲ.