ಅತ್ತೆಯ ತಲೆಯಲ್ಲಿ ಏನೂ ಇಲ್ಲ

ನಮ್ಮ ಅತ್ತೆಯ ತಲೆಯಲ್ಲಿ ಏನೂ ಇಲ್ಲ.

ನಾನು ಹೇಳುತ್ತಿಲ್ಲ. ಎಂಆರ್‌ಐ ಸ್ಕ್ಯಾನ್ ಹೇಳಿದೆ. ಅದಕ್ಕಿಂತ ಜೋರಾಗಿ ನಮ್ಮ ಮಾವ ಹೇಳಿದ್ದಾರೆ. ಕೆರೆಬಿಳಚಿಯ ಅರ್ಧ ಊರಿಗೆ ಈಗ ಈ ಸುದ್ದಿ ಗೊತ್ತು. ಉಳಿದರ್ಧಕ್ಕೆ ಗೊತ್ತಾಗಿಲ್ಲ ಅಂದರೆ ಅವರ ಬೋರ್‌ವೆಲ್ ಮೋಟಾರು ಇನ್ನೂ ಕೆಟ್ಟಿಲ್ಲ ಅಂತ ಅರ್ಥ. (ಮಾವನದು ಮೋಟಾರ್ ರಿವೈಂಡಿಂಗ್ ಅಂಗಡಿ. ರಿಪೇರಿಗೆ ಬಂದವರು ಮಾವನ ಮಾತು ಕೇಳದೆ ಹೋಗುವ ಹಾಗಿಲ್ಲ.)

ಮನೆಯ ವಿಷಯವನ್ನು ಅಂಕಣಕ್ಕೆ ತರುವುದು ನನಗೆ ಇಷ್ಟವಿಲ್ಲ. ಹಾಗಾಗಿ ಬರೆಯುವ ಮೊದಲು ಅತ್ತೆಯನ್ನೇ ಕೇಳಿದೆ. "ಬರಿ. ನನ್ನ ಹೆಸ್ರು ಮಾತ್ರ ಹಾಕಬ್ಯಾಡ. ನಿಮ್ಮ ಮಾವಂದು ಬೇಕಾದ್ರೆ ಹಾಕು" ಅಂದರು. ಎರಡನ್ನೂ ಹಾಕುತ್ತಿಲ್ಲ.

ಅತ್ತೆ ಎಂದರೆ ಅಪ್ಪನ ತಂಗಿ. ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದರಲ್ಲಿ ಪಳಗಿದ ಕೈ. ಬೀದಿ ಕಡೆಯ ಕಿಟಕಿಯ ಪಕ್ಕ ಚಾಪೆ ಹಾಕಿ ಕೂತರೆ, ಹೋಗುವವರನ್ನು ಮಾತಾಡಿಸುತ್ತಲೇ ಕೆಲಸ ಸಾಗುತ್ತಿತ್ತು. ಹೋದ ವರ್ಷ ಆ ಕಿಟಕಿ ಮುಚ್ಚಿತು. ಬೀದಿಯ ಹೆಂಗಸರೆಲ್ಲ ತನ್ನನ್ನೇ ಆಡಿಕೊಳ್ಳುತ್ತಾರೆ, ಹೊರಗೆ ಯಾರೂ ಇಲ್ಲದಿದ್ದರೂ ಮಾತು ಕೇಳಿಸುತ್ತದೆ ಎನ್ನತೊಡಗಿದರು. ಊಟ ಬಿಟ್ಟರು. ದಾವಣಗೆರೆಯ ಮನೋವೈದ್ಯರೊಬ್ಬರ ಹತ್ತಿರ ಕರೆದುಕೊಂಡು ಹೋದೆವು. ಗುಳಿಗೆ ಶುರುವಾಯಿತು. ನಿಧಾನವಾಗಿ ಆ ಮಾತುಗಳು ತಗ್ಗಿದವು. ಕಿಟಕಿ ತೆರೆಯಿತು.

ಇಲ್ಲಿಗೆ ಎಲ್ಲರಿಗೂ ಸಮಾಧಾನವಾಗಬೇಕಿತ್ತು ತಾನೇ?

ಮಾವನಿಗೆ ಆಗಲಿಲ್ಲ. "ಒಂದು ಫೋಟೋನೂ ತೆಗೀದೆ ಹೆಂಗೆ ಗುಳಿಗೆ ಕೊಟ್ರು ಅವ್ರು? ನಾನು ಮೋಟ್ರು ಬಿಚ್ಚಿ ನೋಡದೆ ಕೈ ಹಾಕ್ತೀನಾ?" ಅಂತ ಶುರು ಮಾಡಿದರು. ಡಾಕ್ಟರು ಮೊದಲೇ ಹೇಳಿದ್ದರು, ಈ ಕಾಯಿಲೆ ಸ್ಕ್ಯಾನ್‌ನಲ್ಲಿ ಕಾಣುವಂಥದ್ದಲ್ಲ ಅಂತ. ಕಾಣದ ಕಾಯಿಲೆಗೆ ಗುಳಿಗೆ ಬರೆಯುವ ಡಾಕ್ಟರ ಮೇಲೆ ಮಾವನಿಗೆ ನಂಬಿಕೆ ಹೇಗೆ ಬಂದೀತು? ಪ್ರತಿ ಸಲ ಹೋದಾಗಲೂ ಒತ್ತಾಯ. ಕೊನೆಗೆ ಡಾಕ್ಟರು, ಬೇರೆ ಏನಾದರೂ ಕಾರಣ ಇದೆಯೋ ನೋಡಿಯೇ ಬಿಡೋಣ ಎಂದು ಸ್ಕ್ಯಾನ್ ಬರೆದುಕೊಟ್ಟರು.

ರಿಪೋರ್ಟ್ ತೋರಿಸಲು ಹೋದ ದಿನ ನಾನೂ ಜೊತೆಗಿದ್ದೆ. ಡಾಕ್ಟರು ಹೇಳಿದ್ದು ಇಷ್ಟು: "ಗಡ್ಡೆ, ರಕ್ತಸ್ರಾವ, ಆ ಥರದ್ದು ಏನೂ ಇಲ್ಲ. ಗುಳಿಗೆ ಮಾತ್ರ ನಿಲ್ಲಿಸಬೇಡಿ."

ಎರಡು ವಾಕ್ಯ. ಮಾವ "ಏನೂ ಇಲ್ಲ" ಎಂಬಲ್ಲಿಗೇ ಎದ್ದು ನಿಂತು ಕೈ ಮುಗಿದಿದ್ದರು. ಎರಡನೆಯ ವಾಕ್ಯ ಖಾಲಿ ಕುರ್ಚಿಯ ಪಾಲಾಯಿತು.

ಬಸ್ ಸ್ಟ್ಯಾಂಡಿನಲ್ಲಿ ಪೇಡಾ ಡಬ್ಬಿ ಕೊಂಡರು. ಮನೆಗೆ ಬಂದವರಿಗೆಲ್ಲ ಒಂದೊಂದು ಪೇಡಾ, ಜೊತೆಗೆ ಸ್ಕ್ಯಾನ್ ಫಿಲ್ಮಿನ ದರ್ಶನ. ಮಗಳು ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಇಷ್ಟು ಹಂಚಿರಲಿಲ್ಲ.

ಹೊನ್ನಾಳಿಯಿಂದ ನಮ್ಮ ದೊಡ್ಡಪ್ಪ ಬಂದರು. ಫಿಲ್ಮನ್ನು ಬೆಳಕಿಗೆ ಹಿಡಿದು (ತಲೆಕೆಳಗಾಗಿ) ಬಹಳ ಹೊತ್ತು ನೋಡಿದರು. "ಹೂಕೋಸು ಕೊಯ್ದಂಗೆ ಐತೆ ನೋಡು. ಎರಡೂ ಕಡೆ ಸಮ. ಇಷ್ಟು ಚೆನ್ನಾಗಿರೋ ತಲೆಗೆ ಗುಳಿಗೆ ಯಾಕೆ ಬೇಕಲೇ? ಅವೆಲ್ಲ ನಿದ್ದೆ ಗುಳಿಗೆ. ಅಡಿಕ್ಟ್ ಆಗ್ತಾಳೆ."

"ನೀವು ದಿನಾ ಬಿಪಿ ಗುಳಿಗೆ ತಗೋತೀರಲ್ಲ ದೊಡ್ಡಪ್ಪ. ಅದಕ್ಕೆ ಯಾವ ಫೋಟೋ ತೆಗೆಸಿದ್ದೀರಿ?" ಎಂದೆ.

"ಅದಕ್ಕೆ ಮಿಷನ್ ಐತಲ್ಲವ್ವ. ನಂಬರ್ ತೋರಿಸ್ತೈತೆ."

ಗಮನಿಸಿ, ನಂಬರ್ ಬೇಕು. ಇಲ್ಲವೇ ಫೋಟೋ ಬೇಕು. ಊಟ ಬಿಟ್ಟು ಕಿಟಕಿ ಮುಚ್ಚಿಕೊಂಡು ಕೂತ ಮನುಷ್ಯರು ಕಣ್ಣೆದುರಿಗೇ ಇದ್ದರೆ ಸಾಲದು.

ಮಾವ ಗುಳಿಗೆ ನಿಲ್ಲಿಸಿದರು. ನನಗೆ ತಿಳಿಸಲಿಲ್ಲ. ನಾನಿರುವುದು ಚನ್ನಗಿರಿಯಲ್ಲಿ. ಮುಂದಿನ ಸಲ ಹೋಗುವಷ್ಟರಲ್ಲಿ ಕಿಟಕಿ ಮತ್ತೆ ಮುಚ್ಚಿತ್ತು. ಅತ್ತೆಯ ಮುಖ ಒಣಗಿತ್ತು. ನಾನು ಕೊಟ್ಟ ಬಾಳೆಹಣ್ಣನ್ನು ಸಿಪ್ಪೆ ಸುಲಿಯದೆ ತಿರುಗಿಸಿ ತಿರುಗಿಸಿ ನೋಡಿ ಪಕ್ಕಕ್ಕಿಟ್ಟರು. ಇನ್ನು ಸ್ವಲ್ಪ ದಿನ ಬಿಟ್ಟರೆ ಮೊದಲಿನ ಹಾಗೆ ಅನ್ನದ ತಟ್ಟೆಯನ್ನೂ ದೂರ ತಳ್ಳುತ್ತಾರೆ ಎಂದು ನನಗೆ ಭಯವಾಯಿತು.

ಅಂಗಡಿಗೆ ಹೋದೆ. ಮಾವ ತಾಮ್ರದ ತಂತಿ ಸುತ್ತುತ್ತಿದ್ದರು.

"ಕಾಯಿಲ್ ಸುಟ್ಟಿಲ್ಲ ಅಂತ ಗೊತ್ತಾದ್ಮೇಲೂ ರಿಪೇರಿ ಮಾಡ್ತಾ ಕೂತ್ಕಂಡ್ರೆ ಅದು ಮೋಸ ಕಣವ್ವ" ಅಂದರು.

ಅವರ ಭಾಷೆಯಲ್ಲೇ ಹೇಳಿದರೆ ತಿಳಿಯಬಹುದು ಎಂದುಕೊಂಡೆ. "ಮಾವ, ಕಾಯಿಲ್ ಚೆನ್ನಾಗಿದ್ದೂ ಮೂರರಲ್ಲಿ ಒಂದು ಫೇಸ್ ಕರೆಂಟ್ ಬರದಿದ್ರೆ ಮೋಟಾರು ಓಡುತ್ತಾ?"

"ಹೆಂಗೆ ಓಡ್ತೈತೆ? ಗುಂಯ್ ಅಂತೈತೆ ಅಷ್ಟೇ."

"ಬಿಚ್ಚಿ ನೋಡಿದ್ರೆ ಅದು ಕಾಣುತ್ತಾ?"

ಮಾವ ತಂತಿ ಸುತ್ತುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. "ಅದು ಮೋಟ್ರು. ಇದು ಮನುಷ್ಯರು. ಓದ್ದೋಳಾಗಿ ಮನುಷ್ಯರನ್ನ ಮೋಟ್ರಿಗೆ ಹೋಲಿಸ್ತೀಯಲ್ಲವ್ವ."



ಮನೆಗೆ ವಾಪಸ್ ಬಂದು ಅತ್ತೆಯ ಹತ್ತಿರ ಕೂತೆ. ಅವರನ್ನು ಒಪ್ಪಿಸಲು ಏನೇನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಒಂದೂ ಬಳಕೆಗೆ ಬರಲಿಲ್ಲ. "ಅತ್ತೆ, ಗುಳಿಗೆ ನಿಲ್ಲಿಸಿದ್ದು ನಿಮಗೆ ಹೇಗನ್ನಿಸ್ತಿದೆ?" ಎಂದು ಕೇಳಿದ್ದಷ್ಟೇ.

ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ ಹೇಳಿದರು. "ಗುಳಿಗೆ ತಗಂಡ್ರೆ ಕೈ ನಡುಗ್ತೈತೆ. ಸೂಜಿಗೆ ದಾರ ಪೋಣ್ಸಾಕೆ ಆಗಲ್ಲ. ಆ ಗೋವಿನಕೋವಿ ಊರಿನ ಹುಡುಗಿ ಮದ್ವೆ ಸೀರೆ ಅರ್ಧಕ್ಕೇ ವಾಪಸ್ ಕಳಿಸಿದೆ. ಬಿಟ್ರೆ ಕೈ ನೆಟ್ಟಗಾಗ್ತೈತೆ, ಆದ್ರೆ ಅವ್ರು ಮಾತಾಡಾಕೆ ಶುರು ಮಾಡ್ತಾರೆ. ನಾನು ಏನು ಮಾಡ್ಲಿ?"

"ಕೈ ನಡುಗೋದನ್ನ ಡಾಕ್ಟರಿಗೆ ಹೇಳಲಿಲ್ವಾ?"

"ಅವ್ರು ಹೆಂಗಿದೀರಿ ಅಂತ ಕೇಳ್ತಾರೆ. ನಿಮ್ಮ ಮಾವ ಆರಾಮ್ ಇದಾಳೆ ಸರ್ ಅಂತಾರೆ."

ನಮ್ಮ ಕಡೆಯ ಪದ್ಧತಿ ಇದು. ಡಾಕ್ಟರ ಮುಂದೆ ಹೆಂಡತಿಯ ಹೊಟ್ಟೆನೋವನ್ನು ಗಂಡ ಹೇಳುತ್ತಾನೆ, ಸೊಸೆಯ ಜ್ವರವನ್ನು ಅತ್ತೆ ಹೇಳುತ್ತಾರೆ. ಕಾಯಿಲೆಯವರು ಚೀಟಿ ಹಿಡಿದುಕೊಂಡು ಕೂತಿರಬೇಕು. ಇದಕ್ಕೆ ನಾವು ಕಾಳಜಿ ಎಂದು ಹೆಸರಿಟ್ಟಿದ್ದೇವೆ. ಹೊಟ್ಟೆನೋವಾದರೆ ಹೇಗೋ ನಡೆದೀತು. ಒಳಗೆ ಕೇಳಿಸುವ ಮಾತನ್ನು ಕೇಳಿಸಿಕೊಂಡವರಲ್ಲದೆ ಇನ್ಯಾರು ಹೇಳಲು ಸಾಧ್ಯ?

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ನೀವಾಗಿಯೇ ಮತ್ತೆ ಶುರು ಮಾಡಬೇಡಿ, ನಾಳೆಯೇ ಕರೆದುಕೊಂಡು ಬನ್ನಿ ಅಂದರು. ಮಾವ ಗೊಣಗುತ್ತಲೇ ಹೊರಟರು. ಫಿಲ್ಮ್ ಕವರ್ ಕಂಕುಳಲ್ಲಿತ್ತು.

ಡಾಕ್ಟರು ಕವರನ್ನು ಮೇಜಿನ ಅಂಚಿಗೆ ಸರಿಸಿದರು. "ಹೇಗಿದ್ದೀರಿ ಅಮ್ಮ?"

"ಆರಾಮ್ ಇದಾ..." ಎಂದು ಮಾವ ಬಾಯಿ ತೆರೆದರು.

"ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಅಂದರು ಡಾಕ್ಟರು. ಮಾವನ ಮುಖ ನೋಡುವಂತಿತ್ತು. ನೀನು ಇರು ಎಂದು ಅತ್ತೆ ನನ್ನ ಕೈ ಹಿಡಿದುಕೊಂಡಿದ್ದರಿಂದ ನಾನು ಉಳಿದೆ. ಬಾಯಿ ಮಾತ್ರ ತೆರೆಯಲಿಲ್ಲ.

ಅತ್ತೆ ಎಲ್ಲ ಹೇಳಿದರು. ದಾರ, ಸೂಜಿ, ಮದುವೆ ಸೀರೆ, ಗೋಡೆಯಾಚೆಯ ಮಾತು. ಡಾಕ್ಟರು ಎರಡೂ ಕೈ ಮುಂದೆ ಚಾಚಿಸಿ ನೋಡಿದರು. ಈಗ ನಡುಗುತ್ತಿರಲಿಲ್ಲ. ನಡುಕ ಈ ಗುಳಿಗೆಯಿಂದಲೇ ಬರುವಂಥದ್ದು, ಮೊದಲೇ ಗೊತ್ತಾಗಿದ್ದರೆ ಆಗಲೇ ಬದಲಾಯಿಸಬಹುದಿತ್ತು ಎಂದರು. ಬೇರೆ ಗುಳಿಗೆ ಬರೆದರು. ಮಾವನನ್ನು ಒಳಗೆ ಕರೆದು, ನಿಲ್ಲಿಸುವುದಾದರೆ ನಾನು ನಿಲ್ಲಿಸುತ್ತೇನೆ, ನೀವಲ್ಲ ಎಂದು ಬಿಡಿಸಿ ಹೇಳಿದರು. ಈ ಸಲ ಮಾವ ಕೂತೇ ಕೇಳಿಸಿಕೊಂಡರು.

ಈಗ ಅತ್ತೆ ಊಟ ಮಾಡುತ್ತಿದ್ದಾರೆ. ಮಾತುಗಳು ಪೂರ್ತಿ ಹೋಗಿಲ್ಲ, ದೂರವಾಗಿವೆಯಂತೆ. ಕುಚ್ಚು ಇನ್ನೂ ಶುರುವಾಗಿಲ್ಲ. ಆದರೆ ದಾರದ ಡಬ್ಬಿ ಅಟ್ಟದಿಂದ ಕೆಳಗೆ ಬಂದಿದೆ.

ಮೊನ್ನೆ ಊಟಕ್ಕೆ ಕೂತಾಗ ಮಾವ ನನ್ನ ಕಡೆ ಬಗ್ಗಿ ಮೆಲ್ಲಗೆ ಅಂದರು: "ಹೊಸ ಗುಳಿಗೆ ಹಿಡೀತೈತೋ ಇಲ್ವೋ ಅಂತ ಹೆಂಗೆ ಗೊತ್ತಾಗ್ತೈತವ್ವ? ಇನ್ನೊಂದ್ಸಲ ಸ್ಕ್ಯಾನ್ ಮಾಡ್ಸಾಣೇನು?"

ಅತ್ತೆ ಅವರ ತಟ್ಟೆಗೆ ಸಾರು ಬಡಿಸುತ್ತಾ, "ನಾನು ಇಲ್ಲೇ ಇದೀನಲ್ರೀ. ನನ್ನೇ ಕೇಳ್ರಿ, ಹೇಳ್ತೀನಿ" ಅಂದರು.

ಇಷ್ಟು ಸುಲಭದ ಪರೀಕ್ಷೆಯನ್ನೂ ಡಾಕ್ಟರೇ ಬರೆದುಕೊಡಬೇಕೇ?