ಗೇಟಿನ ಬಳಿ ನಾನು ಕೊಟ್ಟ ಧ್ವನಿ

ಅವತ್ತು ಬೆಳಿಗ್ಗೆ ಭಾಗ್ಯನಗರದ ರೈಲ್ವೆ ಗೇಟಿನ ಹತ್ತಿರ ಶಾಲೆಯ ಮಕ್ಕಳು ಕೇಳಿ ಚೀರಿದ್ದು ಗವಿಸಿದ್ಧಪ್ಪ ಕಾಕಾನ ಧ್ವನಿಯಲ್ಲ. ನನ್ನದು. ಎರಡು ವರ್ಷ ಇದನ್ನು ನುಂಗಿಕೊಂಡು ತಿರುಗಿದ್ದೇನೆ — ಬರೀ ತಿರುಗಿದ್ದಲ್ಲ, ಅದೇ ಧ್ವನಿ ತೆಗೆದು ಊರೂರಲ್ಲಿ ಚಪ್ಪಾಳೆ ಹೊಡೆಸಿಕೊಂಡಿದ್ದೇನೆ. ಒಬ್ಬ ಮನುಷ್ಯ ತನ್ನನ್ನು ಕಂಡು ತಾನೇ ಹೆದರುವಂತೆ ಮಾಡಿ, ಅದರ ಮೇಲೆ ನಿಂತು ನಾನು ಹೆಸರು ಮಾಡಿದೆ.

ನನ್ನ ಹೆಸರು ಯಮನೂರಪ್ಪ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರು ನೀವಾಗಿದ್ದರೆ ನನ್ನನ್ನು ನೋಡಿರದಿದ್ದರೂ ಕೇಳಿರುತ್ತೀರಿ. ಓಣಿಯಲ್ಲಿ ಬೆಳ್ಳುಳ್ಳಿ ಗಾಡಿಯ ಮೈಕಿನಿಂದ ಕರೆಯುವ ಮುದುಕ ನಾನೇ. ಅದರ ಹಿಂದೆ ಬರುವ ಹಳೇ ಕಬ್ಬಿಣದ ಗಾಡಿಯ ಹೆಣ್ಣುಮಗಳೂ ನಾನೇ. ಮೊಬೈಲ್ ಅಂಗಡಿಯಲ್ಲಿ ಕೂತು ಇಂಥವನ್ನು ರೆಕಾರ್ಡ್ ಮಾಡಿಕೊಡುವುದು, ಜಾತ್ರೆಗಳಲ್ಲಿ ಮಿಮಿಕ್ರಿ ಮಾಡುವುದು ನನ್ನ ಉದ್ಯೋಗ. ಬಸ್ಸಿನ ಕಂಡಕ್ಟರು, ಓಟು ಕೇಳಲು ಬಂದವರು, ಬೈಯುವಾಗಿನ ನಮ್ಮವ್ವ — ಯಾರನ್ನೂ ಬಿಟ್ಟವನಲ್ಲ. ನನ್ನ ನಗೆಯನ್ನೂ ಬಿಟ್ಟಿಲ್ಲ; ಕತ್ತೆಗೆ ಬಿಕ್ಕಳಿಕೆ ಬಂದಂತೆ ಇರುತ್ತದೆ ಅದು. ಎಲ್ಲರ ಗಂಟಲೊಳಗೆ ಹೋಗಿ ಬರುವವನಿಗೆ ಯಾರ ಎದೆಯೊಳಗೂ ಹೋಗಲು ಬರುವುದಿಲ್ಲ ಎಂದು ಆಗ ಗೊತ್ತಿರಲಿಲ್ಲ. ಈಗಲೂ ಪೂರ್ತಿ ಗೊತ್ತಿದೆ ಅಂತ ಅಲ್ಲ...

ಗವಿಸಿದ್ಧಪ್ಪ ಕಾಕಾ ನಮ್ಮ ಓಣಿಯವನು. ಟಂಟಂ ರಿಕ್ಷಾ ಹೊಡೆಯುತ್ತಿದ್ದ. ಭಾಗ್ಯನಗರದ ಮಕ್ಕಳನ್ನು ಹಳಿ ದಾಟಿಸಿ ಕೊಪ್ಪಳದ ಶಾಲೆಗೆ ಬಿಡುವುದು, ಸಂಜೆ ತಂದು ಮುಟ್ಟಿಸುವುದು ಅವನ ಕೆಲಸ. ಬೆಳಿಗ್ಗೆ ಮಕ್ಕಳು ತೂಕಡಿಸುತ್ತ ಏರುತ್ತಿದ್ದವು. ಗೇಟು ಬಿದ್ದು ಗಾಡಿ ನಿಂತಾಗ ಕಾಕಾ ಹಿಂದಕ್ಕೆ ತಿರುಗಿ ದಿನಾ ಒಂದೇ ಮಾತು ಕೇಳುತ್ತಿದ್ದ: "ನಿದ್ದಿ ಬಂತೇನ, ಕೂಸಾ?" ಅಷ್ಟಕ್ಕೇ ಮಕ್ಕಳು ಕಿಸಕ್ಕನೆ ನಗುತ್ತಿದ್ದವು.

ಗಂಗಾವತಿ ಕಡೆಯ ಬಂಡೆಗುಡ್ಡಗಳಲ್ಲಿ ಟೀವಿ ಧಾರಾವಾಹಿಯೊಂದರ ಶೂಟಿಂಗ್ ನಡೆದಾಗ ಬೇಸಿಗೆ ರಜೆ. ಕಾಕಾ ತನ್ನ ಗಾಡಿಯನ್ನು ಅವರಿಗೆ ಬಾಡಿಗೆಗೆ ಬಿಟ್ಟಿದ್ದ. ಕೊಲೆಗಾರನೊಬ್ಬನ ಕಥೆ ಅದು: ಹಗಲು ಹಿಟ್ಟಿನ ಗಿರಣಿ ನಡೆಸುವ ಸಾಧು ಮನುಷ್ಯ, ಬಂದವರ ಚೀಲಕ್ಕೆ ತನ್ನದೊಂದು ಹಿಡಿ ಹಿಟ್ಟು ಜಾಸ್ತಿ ಹಾಕುವವನು, ಕತ್ತಲಾದ ಮೇಲೆ ಕುತ್ತಿಗೆ ಹಿಸುಕುವವನು. ನೆರಳಲ್ಲಿ ಮಲಗಿದ್ದ ಲೈಟಿನ ಹುಡುಗನನ್ನು ಕಾಕಾ ತನ್ನ ಮಾಮೂಲಿ ಮಾತಿನಿಂದ ಎಬ್ಬಿಸಿದ್ದನ್ನು ನಿರ್ದೇಶಕ ಕೇಳಿಸಿಕೊಂಡನಂತೆ. ಹಿಂದೆ ಹಳ್ಳಿ ನಾಟಕಗಳಲ್ಲಿ ಬಣ್ಣ ಹಚ್ಚಿದ ಮನುಷ್ಯ ಎಂದು ತಿಳಿದ ಮೇಲೆ ಗಿರಣಿಯವನ ಪಾತ್ರವೇ ಕಾಕಾನಿಗೆ ಬಂತು. ಆ ಮಾತೂ ಪಾತ್ರದೊಳಗೆ ಹೋಯಿತು. ಕೊಲ್ಲುವ ಮುಂಚೆ ಕೊಲೆಗಾರ ಅದನ್ನೇ ಕೇಳುತ್ತಾನೆ.

ಅದು ಬಂದ ದಿನ ನಾವೆಲ್ಲ ಕೂದಲಿನ ಶೆಡ್ಡಿನಲ್ಲಿ ಸೇರಿ ನೋಡಿದೆವು. ಭಾಗ್ಯನಗರದಲ್ಲಿ ಕೂದಲು ಬಿಡಿಸುವುದು ಮನೆಮನೆಯ ಕೆಲಸ. ಊರೂರಿಂದ ಗಂಟುಗಟ್ಟಲೆ ಬಂದ ತಲೆಗೂದಲನ್ನು ಹೆಂಗಸರು ಎಳೆ ಎಳೆ ಬಿಡಿಸಿ ಕಟ್ಟು ಕಟ್ಟುತ್ತಾರೆ. ಶೆಡ್ಡಿನಲ್ಲೊಂದು ಟೀವಿ ಇತ್ತು. ಕಾಕಾನೂ ಒಂದು ಮೂಲೆಯಲ್ಲಿ ಮಂಡಕ್ಕಿ ಒಗ್ಗರಣಿ ತಿನ್ನುತ್ತ ಕೂತಿದ್ದ, ಹೊಸ ಮದುಮಗನಷ್ಟು ನಾಚಿಕೊಂಡು.

ಟೀವಿಯಲ್ಲಿ ಅವನು ಗಿರಣಿಯ ಬೆಲ್ಟು ಬಿಚ್ಚಿದ. ಮೈಮೇಲಿನ ಹಿಟ್ಟು ಝಾಡಿಸಿಕೊಂಡ. ಬಾಗಿಲು ಹಾಕಿದ. ಹೊರಳಿ ನಿಂತ — ಮುಖದ ಒಂದು ಗೆರೆ ಅಲುಗಲಿಲ್ಲ, ದೇವರಾಣೆ, ಒಂದು ಗೆರೆ ಕೂಡ — ಆದರೆ ಅಲ್ಲಿ ನಿಂತವನು ಬೇರೆಯವನು. ಶೆಡ್ಡಿನಲ್ಲಿ ಕೂದಲು ಬಿಡಿಸುವ ಕೈಗಳು ನಿಂತವು. ಆ ಮಾತು ಬಂದಾಗ ನನಗೆ ಬಾವಿಯ ತಳದಿಂದ ಬಂದಂತೆ ಕೇಳಿಸಿತು. ಎಲ್ಲರೂ ತಿರುಗಿ ಮೂಲೆಯತ್ತ ನೋಡಿದೆವು. ಕಾಕಾನ ಗಡ್ಡಕ್ಕೆ ಒಂದು ಮಂಡಕ್ಕಿ ಅಂಟಿತ್ತು. ಯಾರೂ ನಗಲಿಲ್ಲ. ಒಬ್ಬನೇ ಮನುಷ್ಯ ಅಲ್ಲೂ ಇಲ್ಲೂ ಹೀಗೆ ಇರಬಹುದು ಎಂಬುದನ್ನು ನಾನು ಮೊದಲ ಸಲ ಕಣ್ಣಾರೆ ಕಂಡದ್ದು ಅವತ್ತು.

ಮರುದಿನದಿಂದಲೇ ನಾನು ಆ ಮಾತನ್ನು ಹಿಡಿದೆ. ಗಂಟಲು ಬಿಗಿಸಿ, ಹೊಟ್ಟೆಯೊಳಗಿಂದ ಗುರ್ ಅನ್ನಿಸಿ... ಕೇಳಿದವರೆಲ್ಲ ಥೇಟ್ ಟೀವಿಯದೇ ಎಂದರು. ಮೊಬೈಲಿನಿಂದ ಮೊಬೈಲಿಗೆ ಅದು ಹನುಮಸಾಗರದ ತನಕ ಹೋಯಿತು; ಬಟನ್ ಫೋನಿನ ಕಾಕಾನ ಕಿವಿಗೆ ಮಾತ್ರ ಬೀಳಲಿಲ್ಲ. ಟೀವಿ ನೋಡದ ಮಕ್ಕಳಿಗೂ ಗಿರಣಿಯವನ ಧ್ವನಿ ಗೊತ್ತಾದದ್ದು ನನ್ನ ಗಂಟಲಿನಿಂದ.

ಇನ್ನು ಗೇಟಿನ ಮಾತು. ಚಳಿಗಾಲ. ಟಂಟಂ ಹಿಂದೆ ತಾಡಪಾಲಿನ ಪರದೆ ಇಳಿಬಿಟ್ಟಿದ್ದರು, ನಡುವೆ ಒಂದು ಪ್ಲಾಸ್ಟಿಕ್ ಕಿಟಕಿ. ನಾನು ಬೈಕಿನ ಮೇಲೆ ಅದರ ಬೆನ್ನಿಗೇ ನಿಂತಿದ್ದೆ. ಅದಿರು ತುಂಬಿದ ಗೂಡ್ಸ್ ಗಾಡಿ ಗುಡುಗುಡು ಹೋಗುತ್ತಿತ್ತು, ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಕಿಟಕಿಯೊಳಗಿಂದ ನೋಡಿದೆ — ಕಾಕಾ ಸೀಟಿನಲ್ಲಿ ಹಿಂದಕ್ಕೆ ತಿರುಗಿದ, ಅವನ ತುಟಿ ತೆರೆಯಿತು. ಆ ಮಾತು ಬರುವ ಹೊತ್ತು. ನಾನು ಬಾಗಿ, ಪರದೆಗೆ ಬಾಯಿ ಹಚ್ಚಿ, ಅವನ ತುಟಿಯ ಅಳತೆಗೆ ಸರಿಯಾಗಿ, ಹಿಂದೆ ಕೂತ ಮಕ್ಕಳ ಕಿವಿಯ ಪಕ್ಕದಲ್ಲೇ, ಆ ಧ್ವನಿಯಲ್ಲಿ ಅಂದೆ.

ಯಾಕೆ ಅಂದೆ? ಅಂದುಬಿಟ್ಟೆ. ತುಟಿ ಅಲ್ಲಿತ್ತು, ಧ್ವನಿ ನನ್ನಲ್ಲಿತ್ತು. ಅದಕ್ಕಿಂತ ದೊಡ್ಡ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಮಕ್ಕಳಿಗೆ ಕಂಡದ್ದು ಕಾಕಾನ ಬಾಯಿ, ಕೇಳಿದ್ದು ಕೊಲೆಗಾರ. ಒಟ್ಟಿಗೆ ಚೀರಿಕೊಂಡವು. ಎರಡನೇ ಇಯತ್ತೆಯ ಸಹನಾ ಪಕ್ಕದಿಂದ ಹೊರಗೆ ಹಾರಿ ಜಲ್ಲಿಯ ಮೇಲೆ ಬಿದ್ದಳು. ಕೈ ಮುರಿಯಿತು. ಮೊದಲು ಓಡಿ ಎತ್ತಿಕೊಂಡವನು ನಾನೇ. ಆಸ್ಪತ್ರೆಗೆ ಒಯ್ದವನೂ ನಾನೇ. ಅವಳ ಅವ್ವ ಶಾಂತವ್ವ ನಮ್ಮವ್ವನ ಜೊತೆ ಶೆಡ್ಡಿನಲ್ಲಿ ಕೂದಲು ಬಿಡಿಸುವವಳು; ಅಳುತ್ತ ಬಂದು, ನನ್ನ ಮುಖದ ಬೆವರನ್ನು ತನ್ನ ಸೆರಗಿನಿಂದ ಒರೆಸಿ, ದೇವರು ಬಂದಂತೆ ಬಂದೆ ಎಂದಳು. ನಾನು ಮುಖ ಒಡ್ಡಿ ಒರೆಸಿಸಿಕೊಂಡೆ.

ಸಂಜೆ ಶೆಡ್ಡಿನ ಮುಂದೆ ತಾಯಂದಿರು ಸೇರಿದರು. ಯಾರೂ ಕೂಗಾಡಲಿಲ್ಲ. ಆ ಮಾತು ಅಂದದ್ದು ಹೌದೋ ಅಲ್ಲವೋ, ಅಷ್ಟು ಹೇಳು ಎಂದು ಶಾಂತವ್ವ ಕಾಕಾನನ್ನು ಕೇಳಿದಳು. ಅಲ್ಲ ಎನ್ನುತ್ತಾನೆ, ಜಗಳವಾಗುತ್ತದೆ, ನಾಳೆ ತಣ್ಣಗಾಗುತ್ತದೆ — ಇಷ್ಟು ನನ್ನ ಲೆಕ್ಕ. ಕಾಕಾ ಹೆಗಲ ಮೇಲಿನ ಟವೆಲ್ಲನ್ನು ಕೈಗೆ ತೆಗೆದುಕೊಂಡ.

"ಅಂದೀನಿ ಯವ್ವಾ. ದಿನಾ ಅಂತಿದ್ದೆ, ಇವತ್ತೂ ಅಂದೆ. ಆದರ ಇಷ್ಟು ಕೂಸುಗಳು ಕೂಡಿ ಸುಳ್ಳ ಹೇಳಂಗಿಲ್ಲ. ನನ್ನ ಒಳಗಿಂದ ಏನ್ ಎದ್ದು ಬಂತೋ, ನನಗs ತಿಳೀಲಿಲ್ಲ."

ನಾನು ಬಾಗಿಲ ಪಕ್ಕದಲ್ಲೇ ಇದ್ದೆ. ಶಾಂತವ್ವ ಕೊಟ್ಟ ಚಹಾ ಕೈಯಲ್ಲಿತ್ತು. ಬಾಯಿ ತೆರೆಯಲು ಬೇಕಾದಷ್ಟು ಹೊತ್ತು ಇತ್ತು. ಚಹಾ ಕುಡಿದೆ.

ಕಾಕಾ ಮನೆಮನೆಗೆ ಹೋಗಿ ಕೈಮುಗಿದ. ಟಂಟಂ ಮಾರಿದ. ಹೆಂಡತಿ ಗೌರವ್ವ ಕಾಕುವನ್ನು ಕರೆದುಕೊಂಡು ಕಾರಟಗಿಗೆ, ಮಗಳ ಕಡೆ, ಹೊರಟುಹೋದ. ಅಲ್ಲಿ ಅಕ್ಕಿ ಗಿರಣಿಯೊಂದರ ಗೇಟು ಕಾಯುತ್ತಿದ್ದಾನೆ ಎಂದು ಕೇಳಿದೆ. ಹೇಗೂ ಧಾರಾವಾಹಿಯಿಂದ ಹೆಸರು ಬಂತಲ್ಲ, ಇನ್ನೊಂದು ಪಾತ್ರ ಸಿಗುತ್ತದೆ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ — ಹೇಳಿಕೊಳ್ಳುವ ಧ್ವನಿಗಳಿಗೇನು ನನ್ನಲ್ಲಿ ಬರವೇ?

ಹೋದ ತಿಂಗಳು ಚಾನೆಲ್ಲಿನಿಂದ ಫೋನು ಬಂತು. ಆ ಕಥೆಯ ಎರಡನೇ ಭಾಗ ತೆಗೆಯುತ್ತಾರಂತೆ. ಮುಖಕ್ಕೆ ಬೇರೆ ನಟ, ಧ್ವನಿಗೆ ನಾನು. ಖುಷಿಯಲ್ಲಿ ಕುರ್ಚಿಯಿಂದ ಎದ್ದೇ ನಿಂತಿದ್ದೆ. ಕಾಕಾ ಯಾಕೆ ಬೇಡ ಎಂದು ಕೇಳಿದ್ದಕ್ಕೆ ಆ ಕಡೆಯವನು ನಕ್ಕ. "ಆ ಯಜಮಾನ್ರು ಒಪ್ತಾನೇ ಇಲ್ಲ ಕಣ್ರೀ. ಆ ಕೊಲೆಗಾರ ನನ್ನೊಳಗೇ ಕೂತಿದ್ದಾನೆ, ಒಂದು ಮಗು ಕೈ ಮುರಿದಿದ್ದಾನೆ, ಮತ್ತೆ ಎಬ್ಬಿಸಬೇಡಿ ಅಂತಾರೆ."

ನಾನು ಕೂತೆ. ಅವತ್ತು ಶೆಡ್ಡಿನ ಮುಂದೆ ಕಾಕಾ ಆಡಿದ್ದು ತಾಯಂದಿರನ್ನು ಸಮಾಧಾನ ಮಾಡಲು ಆಡಿದ ಮಾತು ಎಂದು ತಿಳಿದಿದ್ದೆ. ನಂಬಿ ಆಡಿದ್ದ. ಎರಡು ವರ್ಷ ನಂಬಿಕೊಂಡೇ ಎದ್ದಿದ್ದಾನೆ, ಉಂಡಿದ್ದಾನೆ, ಮಲಗಿದ್ದಾನೆ. ಟೀವಿಯ ಕೊಲೆಗಾರನಿಗಾದರೂ ತನ್ನ ಎರಡು ಬಾಳು ಗೊತ್ತಿದ್ದವು. ಈ ಮನುಷ್ಯನಿಗೆ ನಾನು ಇಲ್ಲದ ಎರಡನೆಯದನ್ನು ಕಟ್ಟಿಕೊಟ್ಟು, ಅದು ನಿನ್ನದೇ ಎಂದು ನಂಬಿಸಿದ್ದೆ.

ಚಾನೆಲ್ಲಿನವರಿಗೆ ಆಗುವುದಿಲ್ಲ ಎಂದೆ. ಮರುದಿನ ಶೆಡ್ಡಿಗೆ ಹೋಗಿ ಎಲ್ಲರೆದುರು ಹೇಳಿದೆ. ನಮ್ಮವ್ವ ತಲೆ ಎತ್ತಲಿಲ್ಲ. ಶಾಂತವ್ವ ಕೈಯಲ್ಲಿದ್ದ ಕೂದಲನ್ನು ಕೆಳಗಿಟ್ಟಳು. ಬೈಯಲಿ ಎಂದು ಕಾದೆ. ಕಾರಟಗಿ ಬಸ್ಸು ಎಷ್ಟೊತ್ತಿಗಿದೆ ಎಂದಷ್ಟೇ ಕೇಳಿದಳು.

ಕಾರಟಗಿಯಲ್ಲಿ ಭತ್ತದ ಸುಗ್ಗಿ. ಗಿರಣಿಯ ಮುಂದೆ ಟ್ರ್ಯಾಕ್ಟರುಗಳ ಸಾಲು, ಗಾಳಿಯ ತುಂಬ ತೌಡಿನ ಧೂಳು. ಕಾಕಾ ಗೇಟಿನಿಂದ ನನ್ನನ್ನು ಗುರುತು ಹಿಡಿದು ಕೈ ಬೀಸಿದ. ಮಧ್ಯಾಹ್ನದ ಊಟಕ್ಕೆಂದು ಹಿಂದಿನ ತಗಡಿನ ಮನೆಗೆ ಕರೆದುಕೊಂಡು ಹೋದ. ಗೌರವ್ವ ಕಾಕು ಹೊಸ್ತಿಲಲ್ಲಿ ಪುಂಡಿಪಲ್ಯದ ಸೊಪ್ಪು ಸೋಸುತ್ತಿದ್ದಳು. ಈಗ ತಾನೇ ನಡೆಯಲು ಕಲಿತ ಮೊಮ್ಮಗ ಬಂದು ಕಾಕಾನ ಧೋತರ ಹಿಡಿದು ಜಗ್ಗಿದ. ಕಾಕಾ ಚಿಟಿಕೆ ಹೊಡೆದ, ಹುಬ್ಬು ಹಾರಿಸಿದ. ಮಾತಾಡಲಿಲ್ಲ.

ಕಾಕು ನನ್ನತ್ತ ನೋಡದೇ ಅಂದಳು: "ಕೂಸು ಹುಟ್ಟಿದಾಗಿಂದ ಹಿಂಗs ನೋಡು. ಇದರ ಮುಂದ ಮೂಕ ಆಗ್ಯಾನ. ಎತ್ತಿಕೊಳ್ಳಂಗಿಲ್ಲ. ಯಾಕ ಅಂದ್ರ, ಬಾಯಿಂದ ಏನ್ ಬರತೈತೋ ಅಂತಾನ."

ನಾನು ನಿಂತಲ್ಲೇ ಹೇಳಿದೆ. ಗೇಟು, ಗೂಡ್ಸ್ ಗಾಡಿ, ಪರದೆ, ಅವನ ತುಟಿ, ನನ್ನ ಬಾಯಿ. ಅಲಂಕಾರ ಮಾಡಲಿಲ್ಲ. ಕಾಕಾ ಸಿಟ್ಟಾಗಲಿಲ್ಲ. ಹೊರಸಿನ ಮೇಲೆ ಕೂತು, ಅಂದದ್ದನ್ನೇ ಇನ್ನೊಮ್ಮೆ ಅಂದು ತೋರಿಸು ಎಂದ. ನನಗೆ ಸಾಯುವಷ್ಟಾಯಿತು. ಅಂದೆ — ಗಂಟಲು ಬಿಗಿಸಿ, ಗುರ್ ಅನ್ನಿಸಿ, ಊರೂರಲ್ಲಿ ಚಪ್ಪಾಳೆ ಗಿಟ್ಟಿಸಿದ ಹಾಗೆಯೇ.

ಕಾಕಾ ಕಣ್ಣು ಬಿಟ್ಟು ನೋಡಿದ. "ಹಿಂಗ ಅಂದಿಯೇನ? ಹುಡುಗ್ರು ಕೇಳಿದ್ದು ಇದನ್ನೇನ?"

"ಹೌದು ಕಾಕಾ. ಇದನ್ನs."

"ಲೇ ಯಮನೂರಾ, ನಾ ಟೀವ್ಯಾಗ ಧ್ವನಿ ಬದಲು ಮಾಡೇ ಇಲ್ಲಲೋ. ಕೂಸುಗಳಿಗೆ ಹೆಂಗ ಅಂತಿದ್ದೆ, ಅಲ್ಲೂ ಹಂಗs ಅಂದೀನಿ. ಎರಡಕ್ಕೂ ಒಂದs ಧ್ವನಿ. ಅದಕ್ಕs ನನಗ ಅಂಜಿಕಿ ಬಂತು. ಧ್ವನಿ ಬ್ಯಾರೆ ಇದ್ದಿದ್ರ ಗೊತ್ತಾಗ್ತಿತ್ತಲ್ಲ. ಒಂದs ಇದ್ದಾಗ, ಅಂದಾಂವ ನಾನೋ ಅವನೋ, ಹೆಂಗ ತಿಳೀಬೇಕು?"

ಎಷ್ಟು ಸಲ ಆ ದೃಶ್ಯ ನೋಡಿದ್ದೇನೆ, ಎಷ್ಟು ಸಲ ಕಿವಿಗೆ ಹಚ್ಚಿಕೊಂಡು ಕೇಳಿದ್ದೇನೆ — ಮಿಮಿಕ್ರಿಯವನು ನಾನು, ಕಿವಿಯಿಂದಲೇ ಹೊಟ್ಟೆ ಹೊರೆಯುವವನು. ಬದಲಾಗದ ಧ್ವನಿ ನನಗೆ ಬದಲಾದಂತೆ ಕೇಳಿತ್ತು. ಅವನು ಗಂಟಲು ಮುಟ್ಟದೆ, ಮುಖ ಅಲುಗಿಸದೆ, ಒಳಗೆ ಎಲ್ಲೋ ಒಂದು ದೀಪ ಆರಿಸಿ ಅಷ್ಟೂ ಜನರನ್ನು ನಡುಗಿಸಿದ್ದ. ಗುರ್ ಎನ್ನುವುದೆಲ್ಲ ನನ್ನದು. ಕಾರಟಗಿಯ ಆ ತಗಡಿನ ಕೆಳಗೆ ನನಗೆ ನಾಚಿಕೆಗಿಂತ ಮೊದಲು ಬಂದದ್ದು ಬೆರಗು. ಇಂಥ ಮನುಷ್ಯನನ್ನು ನಾನು... ಎರಡು ವರ್ಷ...

ಕಾಕಾ ನಗಲು ಹತ್ತಿದ. ನೆಗಡಿ ಬಂದ ಎಮ್ಮೆ ಹಿಂಗ ಒದರತೈತಿ ಎಂದ. ನಕ್ಕು ನಕ್ಕು ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ, ಮುಖವನ್ನು ಅದರಲ್ಲೇ ಮುಚ್ಚಿಕೊಂಡ. ಹೆಗಲು ಅಲುಗುತ್ತಿದ್ದವು, ಅದು ನಗುವೋ ಏನೋ ಕೇಳುವ ಧೈರ್ಯ ನನಗಾಗಲಿಲ್ಲ. ಆಮೇಲೆ ಬಾಗಿ ಮೊಮ್ಮಗನನ್ನು ಎತ್ತಿಕೊಂಡ. ಕಾಕುವಿನ ಕೈಯಲ್ಲಿದ್ದ ಸೊಪ್ಪು ಅಲ್ಲೇ ನಿಂತಿತು. ಕೂಸಿನ ಕಿವಿಗೆ ಬಾಯಿ ತಂದು ಅವನು ಏನೋ ಮೆಲ್ಲಗೆ ಕೇಳಿದ. ಅದು ಆಶ್ಚರ್ಯದಿಂದ ತಾತನ ತುಟಿ ಮುಟ್ಟಿ ನೋಡಿತು, ಮಾತು ಎಲ್ಲಿಂದ ಬಂತೆಂದು.

ನಾನು ಅತ್ತೆ. ಕಾಕುವಿನ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತು, ಮೂಗು ಸೋರಿಸಿಕೊಂಡು, ಕ್ಷಮಿಸಿರಿ, ತಪ್ಪಾಯಿತು ಎಂದು ಬಿಕ್ಕಿದೆ. ಕಾಕು ನನ್ನ ಅಳು ಮುಗಿಯುವ ತನಕ ತಾಳ್ಮೆಯಿಂದ ಕೇಳಿದಳು. ಆಮೇಲೆ ಮೊದಲ ಸಲ ನೇರ ನನ್ನ ಕಣ್ಣು ನೋಡಿ ಅಂದಳು:

"ಅಳು ಭಾಳ ಛಲೋ ಬಂತು. ಇದು ಯಾರದು ತಗದಿ, ತಮ್ಮಾ?"