ಹಾಳೂರು ಹಿಡಿದ ಪಂಢರಿನಾಥ ಮಾಸ್ತರ

ಆಲಮೇಲದ ಸಾಲಿಯಲ್ಲಿ ಲೆಕ್ಕ ಕಲಿಸುತ್ತಿದ್ದ ಪಂಢರಿನಾಥನಿಗೆ ಯಾವ ಕೊರತೆಯೂ ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು, ಅದನ್ನು ತುಂಬಿಕೊಳ್ಳುವ ಗಡಿಬಿಡಿಯಲ್ಲಿ ಆಯುಷ್ಯ ಕಳೆದುಹೋಗುತ್ತಿತ್ತು. ಭೀಮಾ ದಂಡೆಗೆ ಕಬ್ಬಿನ ಹೊಲ, ಅದನ್ನು ನೋಡಿಕೊಳ್ಳಲು ತಮ್ಮ ನಾರಾಯಣ, ಮನೆಯಲ್ಲಿ ತಾಯಿ ಅಂಬುಬಾಯಿ, ಹೆಂಡತಿ ಇಂದೂಬಾಯಿ. ಮಕ್ಕಳಾಗಿರಲಿಲ್ಲ. ಅದಕ್ಕಾಗಿ ಆ ಮನೆಯಲ್ಲಿ ಯಾರೂ ಯಾರನ್ನೂ ಚುಚ್ಚಿದವರಲ್ಲ. ಆದರೂ ಈ ಮನುಷ್ಯ ಉಂಡ ಮೇಲೆ ಕೈ ತೊಳೆಯದೆ ತಾಟಿನ ಮುಂದೆ ಕೂತು, "ಇಷ್ಟೇ ಏನು?" ಎಂದು ತನ್ನಷ್ಟಕ್ಕೆ ಕೇಳಿಕೊಳ್ಳುವನು. ಒಳಗಿನಿಂದ ಇಂದೂಬಾಯಿ, "ಇನ್ನೂ ಅನ್ನ ಅದಲ್ಲರೀ, ನೀಡ್ಲೇನು?" ಎನ್ನುವಳು. ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಪಾಪ, ಅವಳ ತಪ್ಪೇನಿತ್ತು?

ಬದುಕಿನ ಅರ್ಥ ಹುಡುಕಿದವರೆಲ್ಲ ಅಡವಿಗೇ ಹೋದರೆಂದು ಅವನು ಪುರಾಣದಲ್ಲಿ ಓದಿಕೊಂಡಿದ್ದ. ಈ ಸೀಮೆಯಲ್ಲಿ ಅಡವಿ ಎಲ್ಲಿಂದ ಬರಬೇಕು? ಸಿಂದಗಿಯಿಂದ ಇಂಡಿಯ ತನಕ ಕಣ್ಣು ಹಾಯಿಸಿದಷ್ಟೂ ಎರೆಹೊಲ, ಹಳ್ಳದ ಬದಿಗೆ ಒಂದಿಷ್ಟು ಜಾಲಿ. ಜನರಿಲ್ಲದ ಜಾಗವೆಂದರೆ ಹಾಳೂರು ಒಂದೇ. ಅಜ್ಜಂದಿರ ಕಾಲದಲ್ಲಿ ಪ್ಲೇಗು ಬಂದಾಗ ಒಂದಿಡೀ ಊರು ಬಾಗಿಲು ತೆರೆದಿಟ್ಟೇ ಎದ್ದುಹೋಗಿತ್ತಂತೆ. ಹೊಳೆಯ ಕೆಳದಂಡೆಗೆ ಅದರ ಮೊಂಡು ಗೋಡೆಗಳೂ ಅರ್ಧ ಕುಸಿದ ಹನುಮಪ್ಪನ ಗುಡಿಯೂ ಉಳಿದಿದ್ದವು. ದನ ಕಾಯುವವರು ಕೂಡ ಅದನ್ನು ಸುತ್ತುಹಾಕಿ ಹೋಗುತ್ತಿದ್ದರು.

ಎಪ್ಪತ್ತಾರನೆಯ ಇಸವಿಯ ಶ್ರಾವಣದಲ್ಲಿ, ಹೊಳೆ ತುಂಬಿ ಹರಿಯುತ್ತಿದ್ದಾಗ, ಅವನು ದೇವಣಗಾಂವದ ದಂಡೆಗೆ ಬಂದು ನಿಂತ. ಎಲ್ಲ ಬಿಟ್ಟು ಹೋಗುವುದೆಂದರೆ ನಿಜವಾಗಿ ಎಲ್ಲವನ್ನೂ ಬಿಡಬೇಕು ಎಂಬುದು ಅವನ ಲೆಕ್ಕ. ಅಂಗಿ, ಧೋತರ, ಟೊಪ್ಪಿಗೆ, ಕಣ್ಣಿನ ಚಾಳೀಸು, ಚಪ್ಪಲಿ ಎಲ್ಲವನ್ನೂ ಕಲ್ಲಿನ ಮೇಲೆ ಓರಣವಾಗಿಟ್ಟು, ಒಂದು ತುಂಡು ಪಂಜೆ ಸುತ್ತಿಕೊಂಡು ದಂಡೆಗುಂಟ ನಡೆದುಬಿಟ್ಟ. ತುಂಬಿದ ಹೊಳೆಯ ದಂಡೆಗೆ ಬಟ್ಟೆ ಬಿಚ್ಚಿಟ್ಟು ಹೋದರೆ ನೋಡಿದವರು ಏನು ತಿಳಿಯುತ್ತಾರೆಂದು ಊರ ಮಕ್ಕಳಿಗೆಲ್ಲ ಲೆಕ್ಕ ಕಲಿಸಿದವನಿಗೆ ಹೊಳೆಯಲಿಲ್ಲ. ವೈರಾಗ್ಯ ತಲೆಗೇರಿದವರಿಗೆ ಬೇರೆಯವರ ತಲೆ ನೆನಪಾಗುವುದಿಲ್ಲ.

ಹುಡುಕಲು ಬಂದವರು ನೀರನ್ನಷ್ಟೇ ಹುಡುಕಿದರು. ಹಾಳೂರಿಗೆ ಯಾರು ಕಾಲಿಡುತ್ತಾರೆ?

ಗುಡಿಯೊಳಗೆ ಅವನು ಕಣ್ಣುಮುಚ್ಚಿ ಕೂತ. ಏನಾದರೂ ದೊಡ್ಡದು ಕೇಳಿಸೀತೆಂದು ಕಾದ. ಕೇಳಿಸಿದ್ದು ಕೆಮ್ಮು. ತಾಯಿ ಬೆಳಗಿನ ಜಾವ ಕೆಮ್ಮುವ ಹಾಗೆಯೇ, ಎರಡು ಸಲ, ನಡುವೆ "ವಿಠ್ಠಲಾ" ಎಂದು. ಎದ್ದು ಹೊರಗೆ ಬಂದರೆ ಬಿಸಿಲಲ್ಲಿ ಬರೀ ಗೋಡೆ, ಎಕ್ಕೆಯ ಗಿಡ. ಇನ್ನೊಂದು ದಿನ ಎದುರಿನ ಮುರುಕು ಮನೆಯೊಳಗೆ ಬೀಸುಕಲ್ಲು ತಿರುಗಿತು. ಹೋಗಿ ನೋಡಿದ. ಕಲ್ಲೂ ಇಲ್ಲ, ಕೈಯೂ ಇಲ್ಲ. ಗೋಡೆಯ ಮಾಡದಲ್ಲಿ ಹಳೆಯ ಹಣತೆಯ ಮಸಿ ಮಾತ್ರ ಇನ್ನೂ ಕಪ್ಪಗಿತ್ತು. ಪ್ಲೇಗಿನಲ್ಲಿ ಸತ್ತವರು ಎದ್ದು ಬಂದರೆ ಹನುಮಪ್ಪನ ಹೆಸರು ಹೇಳಬಹುದು. ಬದುಕಿರುವವರು ಬಂದು ಕೆಮ್ಮಿದರೆ ಯಾವ ಮಂತ್ರ ಹೇಳಬೇಕು? ಅವನು ನಿಜವಾಗಿಯೂ ಹೆದರಿದ. ಮನೆಗೆ ಹೋಗಬೇಕೆನಿಸಿತು, ಹಾಗೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ತಪ್ಪಿಸಿಕೊಂಡ ಟಗರಿನ ಬೆನ್ನುಹತ್ತಿ ಬಂದ ಕುರುಬರ ಮಾಳಿಂಗಪ್ಪ ಅವನನ್ನು ಕಂಡದ್ದು ಎರಡು ವಾರದ ಮೇಲೆ. ಅಲ್ಲಿಯತನಕ ಅವನು ಹೊಲದ ಹೆಸರುಕಾಯಿ ತಿಂದು, ಹೊಳೆಯ ನೀರು ಕುಡಿದು ದಿನ ನೂಕಿದ್ದ. ಗಡ್ಡ ನೋಡಿ ಯಾವನೋ ಸಾಧು ಎಂದುಕೊಂಡು ಕೈಮುಗಿದ. ಅಂದಿನಿಂದ ದಿನಾ ಗುಡಿಯ ಕಟ್ಟೆಯ ಮೇಲೆ ರೊಟ್ಟಿ, ಖಾರ, ಒಂದು ತಂಬಿಗೆ ಹಾಲು ಇಟ್ಟು ಹೋಗುತ್ತಿದ್ದ. ಎಲ್ಲ ಬಿಟ್ಟವನು ಮೊದಲ ದಿನದ ರೊಟ್ಟಿಯನ್ನು ಅಳುತ್ತ ತಿಂದ. ಹಸಿವಿಗೆ ಅತ್ತನೋ, ಅದನ್ನು ಯಾರೋ ಬಡಿದು ಸುಟ್ಟದ್ದಕ್ಕೆ ಅತ್ತನೋ ಅವನಿಗೇ ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಮಾಳಿಂಗಪ್ಪ ಹಾಲು ಇಡುತ್ತ ಸುದ್ದಿ ಹೇಳಿದ.

"ಅಪ್ಪಾರ, ಆಲಮೇಲದ ಮಾಸ್ತರೊಬ್ಬಾಂವ ಹೊಳ್ಯಾಗ ಹ್ವಾದನಂತ್ರಿ. ಅರಿವಿ ಸಿಕ್ಕಾವು, ಹೆಣ ಸಿಕ್ಕಿಲ್ಲ. ತಿಂಗಳ ಮ್ಯಾಲ ಹುಡುಕಿ ಸಾಕಾಗಿ ದರ್ಭಿ ಗೊಂಬಿ ಮಾಡಿ ಸುಟ್ಟಾರಂತ. ನಾಳಿಗಿ ಹತ್ತನೇ ದಿನ, ದೇವಣಗಾಂವ ದಂಡ್ಯಾಗ ಕಾಗಿಗೆ ಇಡ್ತಾರ."

ಪಂಢರಿನಾಥನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ಅವನ ಮನಿಯವರು ಹ್ಯಾಂಗಿದ್ದಾರಂತ?"

"ಹ್ಯಾಂಗ ಇರ್ತಾರ್ರಿ? ಆ ಹೆಣ್ಮಗಳು ಊಟಕ್ಕ ಅವಂದೂ ತಾಟ ಇಡ್ತಾಳಂತ."

ಅವನು ಮೊದಲು ನಕ್ಕ. ಆಮೇಲೆ ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟುಬಿಟ್ಟ. ನಾಳೆ ಹೋಗಿ ಎದುರಿಗೆ ನಿಂತುಬಿಡುತ್ತೇನೆ, ಬೈಯಲಿ, ಹೊಡೆಯಲಿ ಎಂದುಕೊಂಡ. ಹಾಗೆ ಅಂದುಕೊಂಡ ಮೇಲೆ ಹಾಳೂರಿನಲ್ಲಿ ಅವನಿಗೆ ಮೊದಲ ಸಲ ನಿದ್ದೆ ಹತ್ತಿತು.

ಬೆಳಿಗ್ಗೆ ಅವನು ದಂಡೆಗೆ ಬಂದಾಗ ಮನೆಯವರೂ ಕರ್ಮ ಮಾಡಿಸುವ ಆಚಾರ್ಯರೂ ಆಗಲೇ ಸೇರಿದ್ದರು. ಜಾಲಿಕಂಟಿಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತ. ಐದಾರು ಮಾರು ಆಚೆಗೆ ಎಲೆಯ ಮೇಲೆ ಅನ್ನದ ಪಿಂಡ. ನಾರಾಯಣ ತಲೆ ಬೋಳಿಸಿಕೊಂಡು ಹುಡುಗನ ಹಾಗೆ ಕಾಣುತ್ತಿದ್ದ. ಇಂದೂಬಾಯಿಯ ಹಣೆಯಲ್ಲಿ ಕುಂಕುಮ, ಕೊರಳಲ್ಲಿ ತಾಳಿ ಇನ್ನೂ ಇದ್ದವು. ಕಾಗೆ ಪಿಂಡ ಮುಟ್ಟಿದ ಮೇಲೆ ಅವನ್ನು ತೆಗೆಯುವುದು ಆ ಮನೆತನದ ಪದ್ಧತಿ. ಈಗ ಎದ್ದು ನಿಂತರೆ ಅವು ಅಲ್ಲೇ ಉಳಿಯುತ್ತವೆ ಎಂದು ಅವನಿಗೆ ಗೊತ್ತಿತ್ತು. ಏಳಲು ಹೋದ. ಮೈಮೇಲಿನ ಮಾಸಿದ ಪಂಜೆ, ಜಡೆಗಟ್ಟಿದ ಗಡ್ಡ ನೆನಪಾದವು. ಇನ್ನೊಂದು ಗಳಿಗೆ ತಡೆದ.

ಕಾಗೆಗಳು ಬರಲಿಲ್ಲ. ಅವನ ತಲೆಯ ಮೇಲಿನ ಟೊಂಗೆಯಲ್ಲೇ ಕೂತು, ಅಲ್ಲಿ ಅನ್ನ, ಇಲ್ಲಿ ಮನುಷ್ಯ ಎಂದು ಅನುಮಾನಿಸುತ್ತಿದ್ದವು. ದಂಡೆಯಲ್ಲಿ ನಿಂತವರಿಗೆ ಕಾಗೆ ಮಾತ್ರ ಕಾಣುತ್ತಿದ್ದವು. ಕಾಗೆ ಮುಟ್ಟಲಿಲ್ಲವೆಂದರೆ ಸತ್ತವನಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದನ್ನು ಊಹಿಸಿ ಮಾತು ಕೊಡಬೇಕು.

"ಅಣ್ಣಾ," ನಾರಾಯಣ ಅತ್ತಿಗೆಯನ್ನೊಮ್ಮೆ ನೋಡಿ ಪಿಂಡಕ್ಕೆ ಕೈಮುಗಿದ. "ವೈನಿಗೆ ನಾ ಏನೂ ಕಡಿಮಿ ಮಾಡಂಗಿಲ್ಲ. ಕಾಳಜಿ ಬಿಡು."

ಕಾಗೆ ಕದಲಲಿಲ್ಲ. ಅಂಬುಬಾಯಿ ಮುಂದೆ ಬಂದಳು. "ಪಂಢರೀ, ಪಂಢರಪುರಕ್ಕ ಕರಕೊಂಡು ಹೋಗ್ತೀನಿ ಅಂದಿದ್ದಿ. ಆಗಲಿಲ್ಲಂತ ಮನಸಿಗೆ ಹಚ್ಕೋಬ್ಯಾಡಪಾ. ನಾ ನಾರಾಯಣನ ಜೋಡಿ ಹೋಗಿಬರ್ತೀನಿ."

ಅವನು ಆ ಮಾತು ಕೊಟ್ಟದ್ದನ್ನೇ ಮರೆತಿದ್ದ. ಟೊಂಗೆ ಹಿಡಿದು ಅರ್ಧ ಎದ್ದ. ಇನ್ನೊಂದು ಹೆಜ್ಜೆ, ಅಷ್ಟೇ.

ಆಗ ಇಂದೂಬಾಯಿ ಮಾತಾಡಿದಳು. ಜೋರಾಗಿಯೇನೂ ಅಲ್ಲ, ತಾಟಿನ ಮುಂದೆ ಕೂತವನಿಗೆ ಹೇಳುವಷ್ಟೇ ದನಿಯಲ್ಲಿ. "ನಿಮಗ ಹೋಗಬೇಕಾಗಿತ್ತು, ನನಗ ತಿಳಿದಿತ್ತು. ದಿನಾ ತಿಳೀತಿತ್ತು. ತಿಳಿದೂ ಅನ್ನ ನೀಡಕೋತ ಕೂಡ್ರಿಸಿದೆ. ತಪ್ಪಾತು. ಹೋಗ್ರಿ ಇನ್ನ. ನಾ ಹಿಂದ ಕರಿಯಂಗಿಲ್ಲ."

ಪಂಢರಿನಾಥ ಹಿಡಿದ ಟೊಂಗೆಯನ್ನು ಬಿಟ್ಟುಬಿಟ್ಟ. ಧಪ್ಪನೆ ಕೂತ. ಟೊಂಗೆ ಅಲ್ಲಾಡಿ ಕಾಗೆಗಳು ಬೆದರಿ ಹಾರಿದವು. ಒಂದು ನೆಟ್ಟಗೆ ಪಿಂಡದ ಮೇಲೆ ಇಳಿದು ಕೊಕ್ಕು ಹಾಕಿತು.

"ಮುಟ್ಟಿತು!" ಎಂದರು ಎಲ್ಲರೂ. ನಾರಾಯಣ ಅತ್ತುಬಿಟ್ಟ. ಒಬ್ಬ ವಿಧವೆ ಮುದುಕಿ ಇಂದೂಬಾಯಿಯ ಕುಂಕುಮ ಒರೆಸಿ ತಾಳಿ ಬಿಚ್ಚಿದಳು. ಅದನ್ನೆಲ್ಲ ಅವನು ಕಂಟಿಯ ಮರೆಯಿಂದ ನೋಡುತ್ತ ಕೂತಿದ್ದ.

"ಇನ್ನ ಯಾರೂ ಹಿಂದ ನೋಡಧಂಗ ನಡೀರಿ," ಎಂದರು ಆಚಾರ್ಯರು.

ಅವರು ಬೆನ್ನು ತಿರುಗಿಸಿ ನಡೆದ ಮೇಲೆಯೇ ಅವನಿಗೆ ದನಿ ಬಂದದ್ದು. ಕಂಟಿಯಿಂದ ಮರಳಿಗೆ ಬಂದು, ಮದುವೆಯಾದಂದಿನಿಂದ ಒಮ್ಮೆಯೂ ಕರೆಯದ ಹೆಸರು ಹಿಡಿದು ಕರೆದ.

"ಇಂದೂ!"

ಹಿಂದುಳಿದಿದ್ದ ಇಂದೂಬಾಯಿಯ ಕಾಲು ನಿಂತವು. ಅವಳ ಕೈಯನ್ನು ಅಂಬುಬಾಯಿ ಗಟ್ಟಿಯಾಗಿ ಹಿಡಿದುಕೊಂಡಳು.

"ಅತ್ಯಾ, ಅವರ ದನಿ."

"ಹೌದವಾ. ಹಡದಾಕಿ ನಾ, ನನಗ ಕೇಳಿಸೂದಿಲ್ಲೇನು? ನೋಡಬ್ಯಾಡ. ನೀ ನೋಡಿದರ ಅವಗ ಗತಿ ಸಿಗೂದಿಲ್ಲ."

ಇಂದೂಬಾಯಿ ಸೆರಗಿನಿಂದ ಕಿವಿ ಮುಚ್ಚಿಕೊಂಡು, "ಕರಿಯಂಗಿಲ್ಲ ಅಂದೀನಿ, ಕರಿಯಂಗಿಲ್ಲ" ಎನ್ನುತ್ತ ಎಡವಿ ಎಡವಿ ದಂಡೆ ಏರಿ ಓಡಿದಳು. ಮತ್ತೊಮ್ಮೆ ಕರೆದರೆ ಆಕೆ ಇನ್ನೂ ಜೋರಾಗಿ ಓಡಿ ಬಿದ್ದಾಳೆಂದು ಪಂಢರಿನಾಥ ಪಂಜೆಯ ತುದಿಯನ್ನು ಬಾಯಿಗೆ ತುರುಕಿಕೊಂಡು ನಿಂತ.